ಹಿಟ್ಟಿನ ಪೊಟ್ಟಣದ ಹೆಸರು ಖಾನಾವಳಿಯ ಫಲಕಕ್ಕೆ: ಟ್ರೇಡ್ ಮಾರ್ಕ್ ನೋಂದಣಿಯನ್ನು ಸರಕಿನಿಂದ ಸೇವೆಗೆ ವಿಸ್ತರಿಸುವ ಬಗೆ

ಕಲಬುರಗಿಯ ಕಿರಾಣಿ ಅಂಗಡಿಯಲ್ಲಿ ಜೋಳದ ಹಿಟ್ಟು ಕೊಳ್ಳುವ ಗೃಹಿಣಿ ಪೊಟ್ಟಣ ಬಿಚ್ಚಿ ಹಿಟ್ಟನ್ನು ಮುಟ್ಟಿ ನೋಡುವುದಿಲ್ಲ. ಮೇಲಿನ ಹೆಸರನ್ನು ನೋಡುತ್ತಾಳೆ. ಹೋದ ಸಲ ಅದೇ ಹೆಸರಿನ ಹಿಟ್ಟಿನಲ್ಲಿ ತಟ್ಟಿದ ರೊಟ್ಟಿ ಅಂಚು ಒಡೆಯದೆ ಬಂದಿತ್ತು ಎಂಬ ನೆನಪು ಅವಳಿಗೆ ಸಾಕು. ಇಂಥ ನೆನಪನ್ನು ಹೊತ್ತು ನಿಲ್ಲುವ ಹೆಸರನ್ನೋ ಚಿತ್ರವನ್ನೋ ಕಾನೂನು ಟ್ರೇಡ್ ಮಾರ್ಕ್, ಅಂದರೆ ವ್ಯಾಪಾರ ಮುದ್ರೆ ಎನ್ನುತ್ತದೆ, ಮತ್ತು ಅದನ್ನು ನೋಂದಾಯಿಸಿಕೊಂಡವರಿಗೆ ಬೇರೆಯವರು ಅದನ್ನು ಬಳಸದಂತೆ ತಡೆಯುವ ಹಕ್ಕನ್ನು ಕೊಡುತ್ತದೆ. ಇಷ್ಟು ನಮ್ಮ ಭಾಗದ ಬಹುತೇಕ ವ್ಯಾಪಾರಸ್ಥರಿಗೆ ಗೊತ್ತಿದೆ. ಆ ಹಕ್ಕು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ, ಮತ್ತು ನಷ್ಟ ಆಗುವುದು ಅಲ್ಲಿಯೇ.

ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಂಡು ವಿಷಯವನ್ನು ನೋಡೋಣ. ಕಲಬುರಗಿಯ ಒಂದು ಕುಟುಂಬ ಹಲವು ವರ್ಷಗಳಿಂದ ‘ಹೊನ್ನತೆನೆ’ ಎಂಬ ಹೆಸರಿನಲ್ಲಿ ಜೋಳದ ಹಿಟ್ಟನ್ನು ಮಾರುತ್ತಿದೆ ಎಂದುಕೊಳ್ಳಿ. ಹೆಸರು ಹಿಟ್ಟಿಗೆ ನೋಂದಣಿಯಾಗಿದೆ, ಪ್ರಮಾಣಪತ್ರ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ತೂಗುತ್ತಿದೆ. ಈಗ ಹಿರಿಯ ಮಗ ಸೇಡಂ ರಸ್ತೆಯಲ್ಲಿ ಅದೇ ಹೆಸರಿನ ಖಾನಾವಳಿ ತೆರೆಯುತ್ತಾನೆ. ಕಿರಿಯವನು ರೈತರು ತಂದ ಜೋಳವನ್ನು ಕೂಲಿಗೆ ಬೀಸಿಕೊಡುವ ಗಿರಣಿ ಹಾಕುತ್ತಾನೆ. ಸೊಸೆ ಶೇಂಗಾ ಹಿಂಡಿ, ಉಪ್ಪಿನಕಾಯಿ, ಬೇರೆ ಬೇರೆ ಮಹಿಳಾ ಸಂಘಗಳ ಕಡಕ್ ರೊಟ್ಟಿ ಎಲ್ಲವನ್ನೂ ಒಂದೆಡೆ ಇಟ್ಟು ಮಾರುವ ಅಂಗಡಿ ನಡೆಸುತ್ತಾಳೆ. ಮೂರೂ ಕಡೆ ಫಲಕದ ಮೇಲೆ ‘ಹೊನ್ನತೆನೆ’ ಎಂದೇ ಬರೆಸಲಾಗಿದೆ, ಗೋಡೆಯ ಮೇಲಿನ ಪ್ರಮಾಣಪತ್ರ ಮೂರಕ್ಕೂ ಕಾವಲಾಗಿದೆ ಎಂಬ ನಂಬಿಕೆಯೂ ಮನೆಯಲ್ಲಿದೆ. ಆ ನಂಬಿಕೆ ತಪ್ಪು. ನೋಂದಣಿ ಹೆಸರಿಗೆ ಒಟ್ಟಾರೆಯಾಗಿ ಸಿಗುವಂಥದ್ದಲ್ಲ. ಅರ್ಜಿಯಲ್ಲಿ ಬರೆದ ಸರಕಿಗೆ ಅಥವಾ ಸೇವೆಗೆ ಸಂಬಂಧಪಟ್ಟಂತೆ ಆ ಹೆಸರಿಗೆ ಸಿಗುವಂಥದ್ದು. ಹಿಟ್ಟು ಎಂದು ಬರೆದಿದ್ದರೆ ನೋಂದಣಿಯ ಹಕ್ಕು ಹಿಟ್ಟಿಗೆ.

ಈ ಗೊಂದಲಕ್ಕೆ ಇತಿಹಾಸದ ಕಾರಣವೂ ಇದೆ. 1940ರ ಕಾನೂನಾಗಲಿ, ಅದರ ನಂತರ ಬಂದ 1958ರ ಕಾನೂನಾಗಲಿ ಸರಕುಗಳ ಮುದ್ರೆಯನ್ನಷ್ಟೇ ನೋಂದಾಯಿಸುತ್ತಿದ್ದವು. ಹೋಟೆಲು, ಸಾರಿಗೆ, ಛಾಯಾಚಿತ್ರ ಸ್ಟುಡಿಯೊ, ಬ್ಯಾಂಕು ಇವು ಎಷ್ಟೇ ಹೆಸರು ಮಾಡಿದ್ದರೂ ತಮ್ಮ ಸೇವೆಯ ಹೆಸರನ್ನು ನೋಂದಾಯಿಸಿಕೊಳ್ಳುವ ದಾರಿ ಇರಲಿಲ್ಲ. 1999ರ ಟ್ರೇಡ್ ಮಾರ್ಕ್ ಕಾಯ್ದೆ ಆ ಬಾಗಿಲನ್ನು ತೆರೆಯಿತು. ಅದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಅಂದರೆ ಸೇವೆಯ ಹೆಸರಿಗೆ ನೋಂದಣಿ ಎಂಬುದು ನಮ್ಮ ದೇಶದಲ್ಲಿ ಹೆಚ್ಚು ಹಳೆಯ ಸಂಗತಿಯಲ್ಲ, ಅಪ್ಪನ ಕಾಲದಲ್ಲಿ ಮಾಡಿಸಿದ ನೋಂದಣಿಯಲ್ಲಿ ಸೇವೆಯ ಮಾತೇ ಇಲ್ಲದಿದ್ದರೆ ಅದು ಅಪ್ಪನ ಅಲಕ್ಷ್ಯವೂ ಅಲ್ಲ. ಅದಕ್ಕೂ ಮೊದಲು ಸೇವೆ ನೀಡುವವರು ಪೂರ್ತಿ ನಿರಾಶ್ರಿತರೇನೂ ಆಗಿರಲಿಲ್ಲ. ತನ್ನ ವ್ಯಾಪಾರವನ್ನು ಬೇರೆಯವರ ವ್ಯಾಪಾರವೆಂದು ನಂಬಿಸಿ ಗಿರಾಕಿಗಳನ್ನು ಸೆಳೆಯುವುದು ಅನ್ಯಾಯ ಎಂಬ ತತ್ವದ ಮೇಲೆ ನ್ಯಾಯಾಲಯಕ್ಕೆ ಹೋಗಬಹುದಿತ್ತು, ಈಗಲೂ ಹೋಗಬಹುದು. ಇದನ್ನು ವಕೀಲರು ‘ಪಾಸಿಂಗ್ ಆಫ್’ ಎನ್ನುತ್ತಾರೆ. ಅಹಮದಾಬಾದಿನ ‘ಮುಕ್ತಜೀವನ್’ ಕಲರ್ ಲ್ಯಾಬ್‌ಗೆ ಸರ್ವೋಚ್ಚ ನ್ಯಾಯಾಲಯ 2001ರ ಡಿಸೆಂಬರ್‌ನಲ್ಲಿ ರಕ್ಷಣೆ ಕೊಟ್ಟದ್ದು ಈ ತತ್ವದ ಮೇಲೆಯೇ. ಆದರೆ ಆ ದಾರಿಯಲ್ಲಿ ಹೋಗುವವರು ತಮ್ಮ ಹೆಸರು ಜನರಲ್ಲಿ ಬೇರೂರಿದೆ, ಎದುರಾಳಿ ಜನರನ್ನು ದಾರಿ ತಪ್ಪಿಸುತ್ತಿದ್ದಾನೆ, ಅದರಿಂದ ತಮಗೆ ಹಾನಿಯಾಗಿದೆ ಅಥವಾ ಆಗುವುದಿದೆ ಎಂಬುದನ್ನೆಲ್ಲ ತಾವೇ ಸಾಬೀತುಪಡಿಸಬೇಕು. ನೋಂದಣಿ ಇದ್ದವರ ಹೊರೆ ಅದಕ್ಕಿಂತ ಬಹಳ ಹಗುರ.

ಸೇವೆ ಎಂದರೆ ಏನೆಂಬುದನ್ನು ಕಾಯ್ದೆ ಉದಾರವಾಗಿಯೇ ಹೇಳಿದೆ. ಬಳಸಲು ಬಯಸುವವರಿಗೆ ಒದಗಿಸುವ ಯಾವುದೇ ಬಗೆಯ ಸೇವೆ ಅದರೊಳಗೆ ಬರುತ್ತದೆ. ಬ್ಯಾಂಕಿಂಗ್, ಶಿಕ್ಷಣ, ವಿಮೆ, ಚಿಟ್ ಫಂಡ್, ಸಾಗಣೆ, ದಾಸ್ತಾನು, ಸಾಮಗ್ರಿಗಳ ಸಂಸ್ಕರಣೆ, ಊಟ ವಸತಿ, ಮನರಂಜನೆ, ಕಟ್ಟಡ ನಿರ್ಮಾಣ, ದುರಸ್ತಿ, ಜಾಹೀರಾತು ಇವುಗಳನ್ನು ಹೆಸರಿಸಿಯೇ ಹೇಳಲಾಗಿದೆ. ಇವನ್ನೆಲ್ಲ ಜೋಡಿಸಿಡಲು ಬಳಸುವುದು ನೀಸ್ ವರ್ಗೀಕರಣ ಎಂಬ ಅಂತರರಾಷ್ಟ್ರೀಯ ಪಟ್ಟಿ. ಫ್ರಾನ್ಸಿನ ನೀಸ್ ನಗರದಲ್ಲಿ 1957ರಲ್ಲಿ ಆದ ಒಪ್ಪಂದ ಅದರ ಮೂಲ. ಭಾರತ ಆ ಒಪ್ಪಂದಕ್ಕೆ 2019ರಲ್ಲಿ ಸೇರಿತಾದರೂ ಪಟ್ಟಿಯನ್ನು ಬಹಳ ಮೊದಲಿನಿಂದಲೇ ಅನುಸರಿಸುತ್ತಿತ್ತು. ಒಟ್ಟು 45 ವರ್ಗಗಳಲ್ಲಿ 1ರಿಂದ 34 ಸರಕುಗಳಿಗೆ, 35ರಿಂದ 45 ಸೇವೆಗಳಿಗೆ ಮೀಸಲು.

ಅದನ್ನು ನಮ್ಮ ಸುತ್ತಲಿನ ಕಸುಬುಗಳಿಗೆ ಹೊಂದಿಸಿ ನೋಡಿದರೆ ಒಂದೇ ಹೆಸರಿನ ವ್ಯಾಪಾರ ಎಷ್ಟು ವರ್ಗಗಳಲ್ಲಿ ಹರಡಿಕೊಳ್ಳುತ್ತದೆ ಎಂಬುದು ಕಾಣುತ್ತದೆ. ಹಿಟ್ಟು ಮತ್ತು ರೊಟ್ಟಿ 30ನೇ ವರ್ಗ, ಉಪ್ಪಿನಕಾಯಿ 29, ಹೊಲದಿಂದ ಬಂದ ಸಂಸ್ಕರಿಸದ ಕಾಳು 31. ಇನ್ನೊಬ್ಬರ ಧಾನ್ಯವನ್ನು ಬೀಸಿಕೊಡುವುದು 40, ಏಕೆಂದರೆ ಅಲ್ಲಿ ಧಾನ್ಯ ಗಿರಾಕಿಯದು, ಗಿರಣಿಯವನು ಮಾರುವುದು ತನ್ನ ಕೆಲಸವನ್ನು. ಗಂಜಿನಲ್ಲಿ ಬೇಳೆ ವ್ಯಾಪಾರಿಯೊಬ್ಬರು ತಮ್ಮ ಗೋದಾಮನ್ನು ಬೇರೆಯವರ ಚೀಲಗಳಿಗೆ ಬಾಡಿಗೆಗೆ ಕೊಟ್ಟರೆ, ಲಾರಿಯಲ್ಲಿ ಸಾಗಿಸಿಕೊಟ್ಟರೆ ಅದು 39. ಖಾನಾವಳಿಯೂ, ಮದುವೆಗೆ ಅಡುಗೆ ಮಾಡಿ ಬಡಿಸುವುದೂ 43. ಶಹಾಬಾದ್ ಕಲ್ಲನ್ನು ಮಾರುವುದು 19ನೇ ವರ್ಗವಾದರೆ ಅದನ್ನು ಮನೆಯ ಅಂಗಳಕ್ಕೆ ಹಾಸಿಕೊಡುವುದು 37. ಯಾದಗಿರಿಯಲ್ಲಿ ನೀರೆತ್ತುವ ಮೋಟಾರು ಪಂಪು ತಯಾರಿಸುವವನ ಮುದ್ರೆ 7ನೇ ವರ್ಗದ್ದು. ಅದೇ ಹೆಸರಿನಲ್ಲಿ ಪಂಪು ದುರಸ್ತಿ ಮಾಡಿದರೆ 37, ಕೃಷಿ ಯಂತ್ರಗಳನ್ನು ರೈತರಿಗೆ ಬಾಡಿಗೆಗೆ ಕೊಟ್ಟರೆ 44.

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು 35ನೇ ವರ್ಗದ ವಿಷಯದಲ್ಲಿ, ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲಬೇಕು. ಜಾಹೀರಾತು, ವ್ಯವಹಾರ ನಿರ್ವಹಣೆಗಳ ಜೊತೆಗೆ ಚಿಲ್ಲರೆ ಮಾರಾಟದ ಸೇವೆ ಬರುವುದು ಈ ವರ್ಗದಲ್ಲಿ. ‘ನಾನು ನನ್ನ ಹಿಟ್ಟನ್ನು ನನ್ನದೇ ಅಂಗಡಿಯಲ್ಲಿ ಮಾರುತ್ತೇನೆ, ಹಾಗಾದರೆ ನನ್ನದು ಸೇವೆಯೂ ಆಯಿತಲ್ಲ?’ ಎಂದು ಅನೇಕರು ಕೇಳುತ್ತಾರೆ. ತನ್ನ ಸರಕನ್ನು ತಾನು ಮಾರುವುದು ಸರಕಿನ ವ್ಯಾಪಾರದ ಭಾಗವೇ ಹೊರತು ಬೇರೆಯವರಿಗೆ ಮಾಡಿದ ಸೇವೆಯಲ್ಲ. ಅದಕ್ಕೆ ಹಿಟ್ಟಿನ ನೋಂದಣಿಯೇ ಆಧಾರ. ವರ್ಗೀಕರಣ ಹೇಳುವ ಚಿಲ್ಲರೆ ಸೇವೆಯ ತಿರುಳು ಬೇರೆ: ನಾನಾ ಬಗೆಯ ಸರಕುಗಳನ್ನು ಒಂದೆಡೆ ಕಲೆಹಾಕಿ, ಕೊಳ್ಳುವವರು ಅನುಕೂಲವಾಗಿ ನೋಡಿ ಆರಿಸಿಕೊಳ್ಳುವಂತೆ ಮಾಡುವುದು. ನಮ್ಮ ಉದಾಹರಣೆಯ ಸೊಸೆ ಮಾಡುತ್ತಿರುವುದು ಇದನ್ನೇ. ಅವಳ ಅಂಗಡಿಯ ಹಿಂಡಿ ಒಬ್ಬರದು, ರೊಟ್ಟಿ ಇನ್ನೊಬ್ಬರದು. ಗಿರಾಕಿ ‘ಹೊನ್ನತೆನೆ’ ಫಲಕ ನೋಡಿ ಒಳಗೆ ಬರುವುದು ಅವಳ ಆಯ್ಕೆಯ ಮೇಲಿನ ವಿಶ್ವಾಸದಿಂದ. ಆ ವಿಶ್ವಾಸಕ್ಕೆ ಬೇಕಾದ ನೋಂದಣಿ 35ನೇ ವರ್ಗದ್ದು, 30ನೆಯದ್ದಲ್ಲ.

ಇನ್ನು ‘ವಿಸ್ತರಣೆ’ ಎಂಬ ಮಾತು. ಅದನ್ನು ಕೇಳಿದ ಕೂಡಲೇ ಹಳೆಯ ಪ್ರಮಾಣಪತ್ರಕ್ಕೇ ಇನ್ನೊಂದು ಸಾಲು ಸೇರಿಸಬಹುದು ಎಂಬ ಭಾವನೆ ಬರುತ್ತದೆ. ಜಮೀನಿನ ಪಹಣಿಯಲ್ಲಿ ಹೆಸರು ಸೇರಿಸಿದ ಹಾಗೆ ಇಲ್ಲಿ ಮಾಡಲು ಬರುವುದಿಲ್ಲ. ನೋಂದಣಿಯಾದ ಮುದ್ರೆಯ ಪಟ್ಟಿಯಿಂದ ಯಾವುದಾದರೂ ಸರಕನ್ನು ತೆಗೆಸಬಹುದು, ಹೊಸದನ್ನು ಸೇರಿಸಲಾಗದು. ಅರ್ಜಿ ಇನ್ನೂ ಪರಿಶೀಲನೆಯಲ್ಲಿರುವಾಗಲೂ ಮೊದಲು ಹೇಳದಿದ್ದ ಸರಕನ್ನೋ ಸೇವೆಯನ್ನೋ ತಿದ್ದುಪಡಿಯ ಹೆಸರಿನಲ್ಲಿ ಒಳಗೆ ತರಲು ನಿಯಮಗಳು ಒಪ್ಪುವುದಿಲ್ಲ. ಸೇವೆಗೆ ರಕ್ಷಣೆ ಬೇಕೆಂದರೆ ಅದೇ ಹೆಸರಿಗೆ ಸೇವೆಯ ವರ್ಗದಲ್ಲಿ ಹೊಸ ಅರ್ಜಿ ಹಾಕಬೇಕು, ಮತ್ತು ಆ ನೋಂದಣಿಯ ಹಕ್ಕು ಎಣಿಕೆಯಾಗುವುದು ಆ ಹೊಸ ಅರ್ಜಿಯ ದಿನಾಂಕದಿಂದ. ಹಿಟ್ಟಿನ ನೋಂದಣಿ ಇಪ್ಪತ್ತು ವರ್ಷ ಹಳೆಯದಾದರೂ ಖಾನಾವಳಿಯ ನೋಂದಣಿಗೆ ಆ ಇಪ್ಪತ್ತು ವರ್ಷಗಳ ಹಿರಿತನ ಬರುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ವ್ಯಾಪಾರಸ್ಥರು ಮನಸ್ಸಿಗೆ ತಂದುಕೊಳ್ಳಲೇಬೇಕಾದ ಮಾತು ಇದು, ಏಕೆಂದರೆ ಮಿಕ್ಕ ತಪ್ಪುಗಳನ್ನು ಹಣ ಖರ್ಚು ಮಾಡಿಯಾದರೂ ಸರಿಪಡಿಸಿಕೊಳ್ಳಬಹುದು, ಕಳೆದುಹೋದ ದಿನಾಂಕವನ್ನು ಮರಳಿ ಪಡೆಯಲಾಗುವುದಿಲ್ಲ.

ಅರ್ಜಿಯ ಕ್ರಮ ಹೇಳಿಕೊಳ್ಳುವಷ್ಟು ಕಠಿಣವಲ್ಲ. 2017ರ ನಿಯಮಗಳ ಪ್ರಕಾರ ನಮೂನೆ ಟಿಎಂ-ಎ ತುಂಬಬೇಕು. ಒಂದೇ ಅರ್ಜಿಯಲ್ಲಿ ಹಲವು ವರ್ಗಗಳನ್ನು ಕೇಳಬಹುದು, ಶುಲ್ಕ ಮಾತ್ರ ಪ್ರತಿ ವರ್ಗಕ್ಕೂ ಬೇರೆ. ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ವ್ಯಕ್ತಿಗಳು, ನವೋದ್ಯಮಗಳು ಮತ್ತು ಸಣ್ಣ ಉದ್ದಿಮೆಗಳಿಗೆ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000 ರೂಪಾಯಿ ಎಂದು ಆ ನಿಯಮಗಳು ಗೊತ್ತುಪಡಿಸಿವೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತವೆಯಾದರೂ ಅದಕ್ಕಾಗಿ ಕಲಬುರಗಿಯಿಂದ ರೈಲು ಹತ್ತಬೇಕಾಗಿಲ್ಲ. ಪರಿಶೀಲನಾ ವರದಿಯಲ್ಲಿ ಆಕ್ಷೇಪ ಬಂದರೆ ಒಂದು ತಿಂಗಳೊಳಗೆ ಉತ್ತರಿಸಬೇಕು. ಒಪ್ಪಿಗೆಯಾದ ಮುದ್ರೆ ಟ್ರೇಡ್ ಮಾರ್ಕ್ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ, ಅಲ್ಲಿಂದ ನಾಲ್ಕು ತಿಂಗಳೊಳಗೆ ಯಾರಾದರೂ ವಿರೋಧ ಸಲ್ಲಿಸಬಹುದು. ಯಾರೂ ವಿರೋಧಿಸದಿದ್ದರೆ ಅಥವಾ ವಿರೋಧ ಬಿದ್ದುಹೋದರೆ ನೋಂದಣಿ ಸಿಗುತ್ತದೆ, ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗಬಹುದು. ಕಲಬುರಗಿ, ಬೀದರ್‌ಗಳಲ್ಲಿ ಫಲಕಗಳು ಕನ್ನಡದ ಜೊತೆಗೆ ಉರ್ದುವಿನಲ್ಲೂ ಇರುವುದು ವಾಡಿಕೆ. ಮುದ್ರೆಯಲ್ಲಿ ಕನ್ನಡ ಅಥವಾ ಉರ್ದು ಲಿಪಿಯ ಪದವಿದ್ದರೆ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆದುಕೊಡಬೇಕು. ಇದನ್ನು ಬಿಟ್ಟು ಆಕ್ಷೇಪಕ್ಕೆ ಗುರಿಯಾಗುವುದು ಅನಗತ್ಯ.

ಸೇವೆ ಇನ್ನೂ ಆರಂಭವಾಗಿಲ್ಲದಿದ್ದರೆ ಅರ್ಜಿ ಹಾಕಬಹುದೇ? ಹಾಕಬಹುದು. ಬಳಸುತ್ತಿರುವ ಮುದ್ರೆಗೆ ಹೇಗೋ ಹಾಗೆಯೇ ಬಳಸಲು ಉದ್ದೇಶಿಸಿರುವ ಮುದ್ರೆಗೂ ಕಾಯ್ದೆ ಅವಕಾಶ ಕೊಟ್ಟಿದೆ. ಖಾನಾವಳಿಯ ಜಾಗ ಗೊತ್ತಾಗಿ, ಒಲೆ ಪಾತ್ರೆಗಳಿಗೆ ಮುಂಗಡ ಕೊಟ್ಟ ದಿನವೇ ಅರ್ಜಿ ಸಲ್ಲಿಸುವುದು ಜಾಣತನ. ಫಲಕ ಏರಿ, ಹೆಸರು ಬಿದ್ದು, ಅದನ್ನು ಇನ್ನೊಬ್ಬರು ನೋಡಿ ತಾವೇ 43ನೇ ವರ್ಗದಲ್ಲಿ ಅರ್ಜಿ ಹಾಕಿದ ಮೇಲೆ ಎಚ್ಚರಗೊಂಡರೆ ಮುಂದೆ ವಿರೋಧ, ವಿಚಾರಣೆ, ಸಾಕ್ಷ್ಯ ಎಂದು ವರ್ಷಗಳು ಹೋಗುತ್ತವೆ. ಸೇವೆಯನ್ನು ಮೊದಲಿನಿಂದ ನಡೆಸುತ್ತಿದ್ದವರಿಗೆ ಕಾನೂನಿನಲ್ಲಿ ಆಸರೆ ಇಲ್ಲದಿಲ್ಲ: ನಂತರ ನೋಂದಾಯಿಸಿಕೊಂಡವರು ಅವರಿಗಿಂತ ಮೊದಲಿನಿಂದ ಅದೇ ಹೆಸರನ್ನು ನಿರಂತರವಾಗಿ ಬಳಸಿದವರನ್ನು ತಡೆಯುವಂತಿಲ್ಲ ಎಂದು 34ನೇ ಕಲಮು ಹೇಳುತ್ತದೆ. ಆದರೆ ಹಳೆಯ ಹೆಸರಿನ ಒಡೆಯರು ಬೇರೆಯವರ ನೋಂದಾಯಿತ ಮುದ್ರೆಯ ಬಳಕೆಯನ್ನು ಕಣ್ಣಾರೆ ಕಂಡೂ ಐದು ವರ್ಷ ಸತತವಾಗಿ ಸುಮ್ಮನಿದ್ದರೆ, ಆ ನೋಂದಣಿ ದುರುದ್ದೇಶದಿಂದ ಆದದ್ದಲ್ಲದಿದ್ದರೆ, ಅದನ್ನು ಪ್ರಶ್ನಿಸುವ ಹಕ್ಕು ಕೈತಪ್ಪುತ್ತದೆ. ‘ನಮ್ಮವರೇ, ಊರಿನವರೇ, ಇರಲಿ ಬಿಡಿ’ ಎನ್ನುವ ಸೌಜನ್ಯ ನಮ್ಮ ಭಾಗದಲ್ಲಿ ಹೆಚ್ಚು. ಅಂಥವರು ಸೌಜನ್ಯವನ್ನು ಉಳಿಸಿಕೊಂಡೇ ಒಂದು ಬರಹದ ಒಪ್ಪಂದದಿಂದ ಬಳಕೆಗೆ ಅನುಮತಿ ಕೊಡಬಹುದು.

ಹಾಗೆಂದು ಭಯಬಿದ್ದು 45 ವರ್ಗಗಳಲ್ಲೂ ಅರ್ಜಿ ಹಾಕುವುದು ಸರಿಯೇ ಎಂದರೆ, ಅಲ್ಲ. ಬಳಸುವ ಪ್ರಾಮಾಣಿಕ ಉದ್ದೇಶವಿಲ್ಲದೆ ಪಡೆದ ನೋಂದಣಿಯನ್ನೂ, ದಾಖಲೆಗೆ ಸೇರಿದ ಮೇಲೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದೆ ಇಟ್ಟ ನೋಂದಣಿಯನ್ನೂ ತೆಗೆಸಿಹಾಕುವಂತೆ ಬೇರೆಯವರು ಕೇಳಬಹುದು. ಈ ಬಗ್ಗೆ ಸರ್ವೋಚ್ಚ ನ್ಯಾಯಾಲಯದ 1996ರ ಒಂದು ತೀರ್ಪು ನಮಗೆ ಪರಿಚಯದ ಹೆಸರಿನದೇ, ಹೈದರಾಬಾದಿನ ‘ಚಾರ್‌ಮಿನಾರ್’ ಸಿಗರೇಟಿನದು. ವಜೀರ್ ಸುಲ್ತಾನ್ ಟೊಬ್ಯಾಕೊ ಕಂಪನಿ ಆ ಹೆಸರನ್ನು ‘ತಯಾರಿಸಿದ ತಂಬಾಕು’ ಎಂಬ ವಿಶಾಲ ವಿವರಣೆಗೆ ನೋಂದಾಯಿಸಿಕೊಂಡಿತ್ತು, ಆದರೆ ಬಳಸಿದ್ದು ಸಿಗರೇಟಿಗೆ ಮಾತ್ರ. ಜರ್ದಾ, ಕಿಮಾಮ್‌ಗಳಿಗೆ ಅದೇ ಹೆಸರು ಬಯಸಿದ ಬೇರೊಬ್ಬ ವ್ಯಾಪಾರಿ ಇದನ್ನು ಪ್ರಶ್ನಿಸಿದಾಗ, ಒಂದು ವರ್ಗದ ಎಲ್ಲ ಸರಕುಗಳ ಮೇಲೂ ಬಳಸದೆಯೇ ಏಕಸ್ವಾಮ್ಯ ಹಿಡಿದಿಡಲಾಗದು ಎಂದ ನ್ಯಾಯಾಲಯ, ಆ ನೋಂದಣಿಯನ್ನು ಸಿಗರೇಟಿಗೆ ಸೀಮಿತಗೊಳಿಸಿದ್ದನ್ನು ಎತ್ತಿಹಿಡಿಯಿತು. ಆದ್ದರಿಂದ ಸೇವೆಯ ವಿವರಣೆ ಬರೆಯುವಾಗ ‘43ನೇ ವರ್ಗದ ಎಲ್ಲ ಸೇವೆಗಳು’ ಎಂದು ಗುಡಿಸಿ ಬರೆಯುವ ಬದಲು ‘ಖಾನಾವಳಿ, ಹೊರಗಡೆ ಊಟ ಒದಗಿಸುವ ಸೇವೆ’ ಎಂದು ಇದ್ದದ್ದನ್ನು ಬರೆಯುವುದು ಹೆಚ್ಚು ಭದ್ರ.

ಇಲ್ಲಿಯವರೆಗೆ ಓದಿದವರಿಗೆ, ಹಿಟ್ಟಿನ ನೋಂದಣಿ ಸೇವೆಯ ವಿಷಯದಲ್ಲಿ ಏನೂ ಕೆಲಸಕ್ಕೆ ಬಾರದು ಎನ್ನಿಸಿರಬಹುದು. ಪೂರ್ತಿ ಹಾಗಲ್ಲ. ಕಾಯ್ದೆ ಸರಕು ಮತ್ತು ಸೇವೆಗಳ ನಡುವೆ ಗೋಡೆ ಕಟ್ಟಿಲ್ಲ. ಒಂದೇ ವ್ಯಾಪಾರದವರು ಆ ಸರಕನ್ನು ಮಾರುವ, ಆ ಸೇವೆಯನ್ನೂ ಕೊಡುವ ಸಂಭವ ಇದ್ದರೆ ಅವೆರಡೂ ಪರಸ್ಪರ ಸಂಬಂಧಿಸಿದವು ಎಂದು 2ನೇ ಕಲಮಿನಲ್ಲೇ ಹೇಳಿದೆ. ಹಿಟ್ಟು ಮತ್ತು ಹಿಟ್ಟು ಬೀಸುವ ಗಿರಣಿ, ಪಂಪು ಮತ್ತು ಪಂಪಿನ ದುರಸ್ತಿ, ಇವುಗಳ ನಂಟನ್ನು ಯಾರೂ ಅಲ್ಲಗಳೆಯಲಾರರು. ಅಪರಿಚಿತನೊಬ್ಬ ‘ಹೊನ್ನತೆನೆ’ ಎಂಬ ಹೆಸರನ್ನು ಗಿರಣಿಗೆ ನೋಂದಾಯಿಸಲು ಹೊರಟರೆ, ಜನ ಎರಡನ್ನೂ ಒಂದೇ ಮನೆತನದ್ದೆಂದು ಭಾವಿಸುವ ಸಾಧ್ಯತೆ ಇರುವುದರಿಂದ, 11ನೇ ಕಲಮಿನಡಿ ಹಿಟ್ಟಿನ ನೋಂದಣಿ ಅವನಿಗೆ ಅಡ್ಡ ಬರಬಹುದು. 29ನೇ ಕಲಮಿನಡಿ ಉಲ್ಲಂಘನೆಯ ದಾವೆಯನ್ನೂ ಹೂಡಬಹುದು. ಸರಕು ಸೇವೆಗಳ ನಡುವೆ ಯಾವ ಹೋಲಿಕೆಯೂ ಇಲ್ಲದಾಗ ದಾರಿ ಇನ್ನೂ ಕಿರಿದು: ಹೆಸರು ಭಾರತದಲ್ಲಿ ಖ್ಯಾತಿ ಪಡೆದಿರಬೇಕು, ಎದುರಾಳಿ ಸಕಾರಣವಿಲ್ಲದೆ ಆ ಖ್ಯಾತಿಯ ಅನುಚಿತ ಲಾಭ ಪಡೆಯುತ್ತಿರಬೇಕು ಅಥವಾ ಅದಕ್ಕೆ ಕುಂದು ತರುತ್ತಿರಬೇಕು. ಜಿಲ್ಲೆಯೊಳಗೆ ಹೆಸರಾದ ವ್ಯಾಪಾರಕ್ಕೆ ಇದನ್ನು ಸಾಬೀತುಪಡಿಸುವುದು ಸುಲಭವಲ್ಲ.

ಈ ಗಡಿ ಎಷ್ಟು ಸೂಕ್ಷ್ಮ ಎಂಬುದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣ ಇದೆ, ಕನ್ನಡ ಓದುವ ವ್ಯಾಪಾರಸ್ಥರೆಲ್ಲ ಅದನ್ನು ತಿಳಿದಿರಬೇಕು. ಕರ್ನಾಟಕ ಹಾಲು ಮಹಾಮಂಡಳ ‘ನಂದಿನಿ’ ಹೆಸರನ್ನು ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ 1985ರಿಂದ ಬಳಸುತ್ತಿದೆ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲುಗಳು 1989ರಿಂದ ನಡೆಯುತ್ತಿವೆ. ಹೋಟೆಲಿನವರು ತಮ್ಮ ಹೆಸರನ್ನು 29 ಮತ್ತು 30ನೇ ವರ್ಗಗಳ ಆಹಾರ ಪದಾರ್ಥಗಳಿಗೆ ನೋಂದಾಯಿಸಲು ಹೊರಟಾಗ ಮಹಾಮಂಡಳ ವಿರೋಧಿಸಿತು. ಗಮನಿಸಿ, ಇಲ್ಲಿ ಪಯಣ ತಿರುವುಮುರುವಾಗಿದೆ: ನಮ್ಮ ‘ಹೊನ್ನತೆನೆ’ ಸರಕಿನಿಂದ ಸೇವೆಗೆ ಹೊರಟರೆ ಇವರು ಸೇವೆಯಿಂದ ಸರಕಿಗೆ ಬರುತ್ತಿದ್ದರು. ನೋಂದಣಾಧಿಕಾರಿ ಹೋಟೆಲಿನವರ ಪರ ನಿಂತರು. ಮೇಲ್ಮನವಿ ಮಂಡಳಿ ಮತ್ತು ಉಚ್ಚ ನ್ಯಾಯಾಲಯ ಮಹಾಮಂಡಳದ ಪರ ತೀರ್ಪು ಕೊಟ್ಟವು. ಕೊನೆಗೆ 2018ರ ಜುಲೈ 26ರಂದು ಸರ್ವೋಚ್ಚ ನ್ಯಾಯಾಲಯ ಹೋಟೆಲಿನವರ ನೋಂದಣಿಯನ್ನು ಎತ್ತಿಹಿಡಿಯಿತು. ಎರಡೂ ಮುದ್ರೆಗಳು ನೋಟಕ್ಕೆ ಬೇರೆಯಾಗಿವೆ, ಒಂದೇ ವರ್ಗದಲ್ಲಿ ಬಂದ ಮಾತ್ರಕ್ಕೆ ಸರಕುಗಳು ಒಂದೇ ಆಗುವುದಿಲ್ಲ, ನಂದಿನಿ ಎಂಬುದು ಯಾರೋ ಒಬ್ಬರು ಹೊಸದಾಗಿ ಕಟ್ಟಿದ ಪದವಲ್ಲ, ಜನ ಗೊಂದಲಕ್ಕೀಡಾಗುತ್ತಾರೆ ಎಂಬುದಕ್ಕೆ ಆಧಾರವಿಲ್ಲ ಎಂಬುವು ತೀರ್ಪಿನ ಮುಖ್ಯ ಕಾರಣಗಳು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲಿನವರ ನೋಂದಣಿಯಿಂದ ಹೊರಗಿಡಲಾಯಿತು. ಮಹಾಮಂಡಳದಷ್ಟು ದೊಡ್ಡ, ಮನೆಮನೆಗೂ ತಲುಪಿದ ಹೆಸರಿಗೇ ಪಕ್ಕದ ಸರಕುಗಳಲ್ಲಿ ರಕ್ಷಣೆ ಸಿಗಲಿಲ್ಲವೆಂದರೆ, ‘ನನ್ನ ಸರಕಿನ ನೋಂದಣಿ ನೆರೆಯ ಸೇವೆಯನ್ನೂ ತಾನಾಗಿಯೇ ಕಾಯುತ್ತದೆ’ ಎಂಬ ಭರವಸೆಯ ಮೇಲೆ ಹೊಸ ವ್ಯಾಪಾರ ಕಟ್ಟುವುದು ನನಗಂತೂ ಸರಿಕಾಣದು.

ಆ ತೀರ್ಪಿನಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ನಮ್ಮಲ್ಲಿ ಅಂಗಡಿ ಮುಂಗಟ್ಟುಗಳಿಗೆ ಶರಣಬಸವೇಶ್ವರರ ಹೆಸರನ್ನೋ ಮನೆದೇವರ ಹೆಸರನ್ನೋ ಇಡುವುದು ಭಕ್ತಿಯ ವಿಷಯ, ಅದನ್ನು ಬಿಡಬೇಕೆಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ನೂರಾರು ಜನ ಬಳಸುವ ಹೆಸರಿನ ಮೇಲೆ ಒಬ್ಬರಿಗೆ ಸಿಗುವ ಹಿಡಿತ ಸಡಿಲವಾಗಿಯೇ ಇರುತ್ತದೆ. ದೇವರ ಹೆಸರಿನ ಜೊತೆಗೆ ತಮ್ಮದೇ ಆದ ಒಂದು ವಿಶಿಷ್ಟ ಪದವನ್ನೋ ಚಿತ್ರವನ್ನೋ ಜೋಡಿಸಿಕೊಂಡರೆ ಭಕ್ತಿಯೂ ಉಳಿಯುತ್ತದೆ, ಗುರುತೂ ಉಳಿಯುತ್ತದೆ. ಹಾಗೆಯೇ ಸರಕಿಗೆ ಚೆನ್ನಾಗಿ ಹೊಂದಿದ ಹೆಸರು ಸೇವೆಗೆ ಬಂದಾಗ ಬರೀ ವರ್ಣನೆಯಾಗಿಬಿಡಬಹುದು. ‘ಬಿಸಿರೊಟ್ಟಿ’ ಎಂಬ ಹೆಸರನ್ನು ಚಪ್ಪಲಿಗೆ ಇಟ್ಟರೆ ವಿಶಿಷ್ಟ. ಖಾನಾವಳಿಗೆ ಇಟ್ಟರೆ ಅದು ಅಲ್ಲಿ ಸಿಗುವ ಪದಾರ್ಥದ ಹೆಸರಷ್ಟೇ, 9ನೇ ಕಲಮಿನ ಆಕ್ಷೇಪ ಬರುವುದು ಸಹಜ.

ಸರಕಿನ ಮುದ್ರೆ, ಸೇವೆಯ ಮುದ್ರೆ ಎರಡೂ ಒಬ್ಬರದೇ ಆಗಿ ಅವು ಪರಸ್ಪರ ಸಂಬಂಧಿಸಿದವಾಗಿದ್ದರೆ ನೋಂದಣಾಧಿಕಾರಿ ಅವನ್ನು ‘ಸಹಬಂಧಿತ ಮುದ್ರೆ’ಗಳೆಂದು ದಾಖಲಿಸಬಹುದು. ಇದರ ಪರಿಣಾಮ ಅರಿವಿಗೆ ಬರುವುದು ಮನೆ ಪಾಲಾಗುವಾಗ. ಅಣ್ಣನಿಗೆ ಹಿಟ್ಟಿನ ವ್ಯಾಪಾರ, ತಮ್ಮನಿಗೆ ಗಿರಣಿ ಎಂದು ಹಿರಿಯರು ಕೂತು ಪಾಲು ಮಾಡಿಕೊಟ್ಟು, ಇಬ್ಬರೂ ‘ಹೊನ್ನತೆನೆ’ ಇಟ್ಟುಕೊಳ್ಳಿ ಎಂದು ಹೇಳಿಬಿಡುತ್ತಾರೆ. ಸಹಬಂಧಿತ ಮುದ್ರೆಗಳನ್ನು ಒಟ್ಟಾಗಿ ವರ್ಗಾಯಿಸಬಹುದೇ ಹೊರತು ಬಿಡಿಬಿಡಿಯಾಗಿ ಅಲ್ಲ ಎಂದು 44ನೇ ಕಲಮು ಹೇಳುತ್ತದೆ. ಪರಸ್ಪರ ಸಂಬಂಧಿಸಿದ ಸರಕು ಸೇವೆಗಳಲ್ಲಿ ಒಂದೇ ಹೆಸರಿನ ಪ್ರತ್ಯೇಕ ಹಕ್ಕು ಇಬ್ಬರ ಕೈಗೆ ಹೋಗಿ ಜನ ಮೋಸಹೋಗುವಂತಾದರೆ ಅಂಥ ವರ್ಗಾವಣೆಗೆ 40ನೇ ಕಲಮು ತಡೆ ಹಾಕುತ್ತದೆ. ಹೊಲ ಮನೆಗಳನ್ನು ಅಳೆದು ಹಂಚಿದಂತೆ ಹೆಸರನ್ನು ಹಂಚಲು ಬರುವುದಿಲ್ಲ. ಮುದ್ರೆ ಯಾರ ಹೆಸರಿನಲ್ಲಿರಬೇಕು, ಇನ್ನೊಬ್ಬರು ಯಾವ ಷರತ್ತಿನ ಮೇಲೆ ಪರವಾನಗಿ ಪಡೆದು ಬಳಸಬೇಕು ಎಂಬುದನ್ನು ಪಾಲುಪತ್ರ ಬರೆಯುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಅಣ್ಣತಮ್ಮಂದಿರ ನಡುವೆ ಇಂಥ ವ್ಯಾಜ್ಯ ಬೆಳೆದರೆ ಹೆಸರು ಗಳಿಸಿಕೊಟ್ಟ ತಂದೆಯ ದುಡಿಮೆಯೇ ನ್ಯಾಯಾಲಯದ ಕಟ್ಟೆ ಹತ್ತುತ್ತದೆ. ನೋಡಲು ಅದು ಬಹಳ ನೋವಿನ ಸಂಗತಿ.

ಬೀದರ್ ಮತ್ತು ಕಲಬುರಗಿಯವರು ಈ ವಿಷಯವನ್ನು ಜಿಐ, ಅಂದರೆ ಭೌಗೋಳಿಕ ಸೂಚಕದ ಜೊತೆ ಬೆರೆಸಿಕೊಳ್ಳುವುದುಂಟು. ಬಿದರಿ ಕಲೆಗೂ, 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೂ ಜಿಐ ಮಾನ್ಯತೆ ಸಿಕ್ಕಿದೆ. ಅದು ಒಬ್ಬರ ಸ್ವತ್ತಲ್ಲ, ಆ ನೆಲದಲ್ಲಿ ಆ ಪದಾರ್ಥವನ್ನು ಮಾಡುವವರೆಲ್ಲರ ಸಾಮೂಹಿಕ ಹಕ್ಕು. ಆದ್ದರಿಂದ ಆ ಹೆಸರನ್ನು ಯಾರೂ ತಮ್ಮೊಬ್ಬರ ಟ್ರೇಡ್ ಮಾರ್ಕ್ ಮಾಡಿಕೊಳ್ಳಲಾಗದು. ನಮ್ಮ ಪ್ರಸ್ತುತ ವಿಷಯಕ್ಕೆ ಇನ್ನೂ ಮುಖ್ಯವಾದ ಅಂಶವೆಂದರೆ, ಜಿಐ ಕಾಯ್ದೆ ಇರುವುದು ಸರಕುಗಳಿಗೆ ಮಾತ್ರ. ಕೃಷಿ ಉತ್ಪನ್ನ, ಕರಕುಶಲ ವಸ್ತು, ಕೈಗಾರಿಕಾ ವಸ್ತು, ಆಹಾರ ಪದಾರ್ಥ ಇವು ಅದರೊಳಗೆ ಬರುತ್ತವೆ, ಸೇವೆ ಬರುವುದಿಲ್ಲ. ಬೀದರಿನ ಕುಶಲಕರ್ಮಿಯೊಬ್ಬರು ಸತುವು ತಾಮ್ರಗಳ ಎರಕದ ಮೇಲೆ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿ ಮಾಡಿದ ಹೂದಾನಿಗೆ ಜಿಐ ಆಸರೆ ಇದೆ. ಅವರೇ ಪ್ರವಾಸಿಗಳಿಗೆ ಆ ಕಸುಬನ್ನು ಕಲಿಸುವ ಶಾಲೆ ತೆರೆದರೆ ಅಥವಾ ಮಾಸಿದ ಹಳೆಯ ಬಿದರಿ ವಸ್ತುಗಳನ್ನು ದುರಸ್ತಿ ಮಾಡಿಕೊಡತೊಡಗಿದರೆ ಆ ಸೇವೆಗೆ ಜಿಐ ನೆರಳು ಚಾಚುವುದಿಲ್ಲ. ಅದಕ್ಕೆ ಅವರು ತಮ್ಮ ಕಾರ್ಯಾಗಾರಕ್ಕೊಂದು ಸ್ವಂತ ಹೆಸರಿಟ್ಟು, ತರಬೇತಿಗೆ 41, ದುರಸ್ತಿಗೆ 37ನೇ ವರ್ಗದಲ್ಲಿ ಟ್ರೇಡ್ ಮಾರ್ಕ್ ನೋಂದಾಯಿಸಿಕೊಳ್ಳಬೇಕು. ಬೆರಳ ತುದಿಯಲ್ಲಿ ಇಷ್ಟು ದೊಡ್ಡ ಪರಂಪರೆ ಇರುವ ಮನೆಗಳು ಹೂದಾನಿಯ ಬೆಲೆಯ ಮೇಲಷ್ಟೇ ಬದುಕದೆ ಕಲಿಸುವ ಕೆಲಸದಿಂದಲೂ ಆದಾಯ ಕಾಣುವಂತಾಗಲಿ ಎಂಬ ಆಸೆಯಿಂದಲೇ ಇದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ.

ಹೆಸರಿನ ಪಕ್ಕದಲ್ಲಿ ವೃತ್ತದೊಳಗೆ ಆರ್ ಅಕ್ಷರದ ಗುರುತು ಹಾಕುವ ಬಗ್ಗೆಯೂ ಎಚ್ಚರ ಬೇಕು. ಹಿಟ್ಟಿಗೆ ನೋಂದಣಿ ಇದೆಯೆಂದು ಆ ಗುರುತನ್ನು ಖಾನಾವಳಿಯ ಫಲಕಕ್ಕೂ ಹಾಕಿದರೆ, ನೋಂದಣಿಯಾಗದ ಸೇವೆಗೆ ನೋಂದಣಿಯಾಗಿದೆ ಎಂದು ಸುಳ್ಳು ಹೇಳಿದಂತಾಗುತ್ತದೆ. 107ನೇ ಕಲಮು ಇದನ್ನು ಹೆಸರಿಸಿಯೇ ನಿಷೇಧಿಸಿದೆ. ಸೇವೆಯ ನೋಂದಣಿ ಕೈಗೆ ಬರುವವರೆಗೆ ಟಿಎಂ ಎಂಬ ಎರಡಕ್ಷರ ಸಾಕು.

ಸೇವೆಗೆ ಹೆಸರನ್ನು ಬಳಸಿದ್ದೇವೆ ಎಂದು ತೋರಿಸುವುದು ಸರಕಿನಷ್ಟು ಸುಲಭವಲ್ಲ. ಹಿಟ್ಟಿಗೆ ಪೊಟ್ಟಣವಿದೆ, ಅದರ ಮೇಲೆ ಮುದ್ರೆ ಇದೆ. ಬಡಿಸಿದ ಊಟಕ್ಕೆ, ಬೀಸಿಕೊಟ್ಟ ಜೋಳಕ್ಕೆ ಮುದ್ರೆ ಒತ್ತಲಾಗದು. ಆದ್ದರಿಂದ ಕಾಯ್ದೆ ಸೇವೆಯ ಲಭ್ಯತೆ, ಒದಗಣೆ, ನಿರ್ವಹಣೆಯ ಬಗೆಗಿನ ಹೇಳಿಕೆಗಳಲ್ಲಿ ಮುದ್ರೆ ಬಂದಿದ್ದರೆ ಅದನ್ನು ಬಳಕೆ ಎಂದು ಪರಿಗಣಿಸುತ್ತದೆ: ಫಲಕ, ಬಿಲ್ಲು, ದರಪಟ್ಟಿ, ಕರಪತ್ರ, ಪತ್ರಿಕೆಯ ಜಾಹೀರಾತು. ಮೊದಲಿನಿಂದ ಬಳಸುತ್ತಿದ್ದೇವೆ ಎಂದು ಅರ್ಜಿಯಲ್ಲಿ ಹೇಳಿಕೊಳ್ಳುವವರು ಅಫಿಡವಿಟ್ ಮತ್ತು ದಾಖಲೆಗಳನ್ನು ಜೊತೆಗೇ ಕೊಡಬೇಕು. ಫಲಕ ಬರೆದವರ ರಸೀದಿ, ದಿನಾಂಕ ಕಾಣುವ ಉದ್ಘಾಟನೆಯ ಫೋಟೊ, ನಗರಪಾಲಿಕೆಯ ವ್ಯಾಪಾರ ಪರವಾನಗಿ, ಮೊದಲ ತಿಂಗಳ ಬಿಲ್ಲುಪುಸ್ತಕ ಇವನ್ನು ಒಂದು ಕಡತದಲ್ಲಿ ಹಾಕಿಡಬೇಕು, ಮತ್ತು ಬಿಲ್ಲುಪುಸ್ತಕ ಅಚ್ಚು ಮಾಡಿಸುವಾಗ ಅದರ ತಲೆಯ ಮೇಲೆ ಮಾಲೀಕರ ಹೆಸರಿನ ಜೊತೆಗೆ ‘ಹೊನ್ನತೆನೆ ಖಾನಾವಳಿ’ ಎಂಬುದೂ ಫಲಕದಲ್ಲಿರುವ ಅದೇ ಅಕ್ಷರಗಳಲ್ಲಿ, ಅದೇ ಚಿತ್ರದೊಂದಿಗೆ ಇರುವಂತೆ ನೋಡಿಕೊಳ್ಳಬೇಕು.